ಡೌನ್ ಸಿಂಡ್ರೋಮ್ ಇರುವ ಮಕ್ಕಳ ಆಟ, ಊಟ: ನನ್ನ ಅನುಭವ

ಧಾರವಾಡದಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು ಡೌನ್ ಸಿಂಡ್ರೋಮ್ ಇರುವ ಹದಿಹರೆಯದವರಿಗೆ ಓಟ, ನಡಿಗೆ ಮತ್ತು ಬೋಚಿ (ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಉರುಳಿಸುವ) ಆಟವನ್ನು ಕಲಿಸುತ್ತ ಬಂದಿದ್ದೇನೆ. ವೈದ್ಯರು ಹೃದಯ, ಥೈರಾಯ್ಡ್ ಮತ್ತು ಕತ್ತನ್ನು ನೋಡಿ ಒಪ್ಪಿಗೆ ಕೊಡುವವರೆಗೆ ಯಾರನ್ನೂ ಮೈದಾನಕ್ಕೆ ಇಳಿಸುವುದಿಲ್ಲ. 21ನೆಯ ವರ್ಣತಂತುವಿನ ಒಂದು ಪ್ರತಿ ಹೆಚ್ಚಾಗಿರುವ ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹೃದಯದ ದೋಷದೊಂದಿಗೆ ಹುಟ್ಟುತ್ತಾರೆ. ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ಸಡಿಲವಾಗಿರುವುದರಿಂದ ಕೆಲವರಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಹಿಡಿತವೂ ದುರ್ಬಲವಾಗಿರುತ್ತದೆ. ಆದ್ದರಿಂದ ಪಲ್ಟಿ ಹೊಡೆಯುವುದನ್ನು ನಾನು ಕಲಿಸುವುದೇ ಇಲ್ಲ. ಚೆನ್ನಾಗಿ ನಡೆಯುತ್ತಿದ್ದ ಮಗು ತಡವರಿಸತೊಡಗಿದರೆ, ಕತ್ತು ನೋವೆಂದರೆ, ಅಥವಾ ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಟ ನಿಲ್ಲಿಸಿ ಆಸ್ಪತ್ರೆಗೆ ಕಳುಹಿಸುತ್ತೇನೆ.

ವ್ಯಾಯಾಮದ ಬಿರುಸನ್ನು ಅಳೆಯಲು ನಾವು ಕಲಿತ '220ರಲ್ಲಿ ವಯಸ್ಸನ್ನು ಕಳೆಯಿರಿ' ಎಂಬ ಗರಿಷ್ಠ ಎದೆಬಡಿತದ ಲೆಕ್ಕ ಇವರಿಗೆ ಹೊಂದುವುದಿಲ್ಲ, ಏಕೆಂದರೆ ಎಷ್ಟೇ ಶ್ರಮಪಟ್ಟರೂ ಇವರ ಎದೆಬಡಿತ ಇತರರಷ್ಟು ಮೇಲೇರುವುದಿಲ್ಲ. ಹಾಗಾಗಿ ನಾನು ಪಕ್ಕದಲ್ಲೇ ನಡೆಯುತ್ತ ಮಾತನಾಡಿಸುತ್ತೇನೆ. ಸಲೀಸಾಗಿ ಬರುತ್ತಿದ್ದ ಉತ್ತರ ಒಂದೊಂದೇ ಪದಕ್ಕೆ ಇಳಿದರೆ ನಡಿಗೆಯನ್ನು ನಿಧಾನಗೊಳಿಸುತ್ತೇನೆ.

ಊಟದ ವಿಷಯಕ್ಕೆ ಮನೆಯವರನ್ನೇ ಕೂರಿಸಿಕೊಂಡು ಮಾತನಾಡಬೇಕಾಯಿತು. ವಿಶ್ರಾಂತಿಯಲ್ಲಿ ಇವರ ದೇಹ ಖರ್ಚುಮಾಡುವ ಶಕ್ತಿ ಕಡಿಮೆ ಇರುವುದರಿಂದ ಅಣ್ಣತಮ್ಮಂದಿರಷ್ಟೇ ಉಂಡರೂ ತೂಕ ಏರಬಹುದು. "ಬಿಸ್ಕೀಟ್ ಕೊಡದಿದ್ರ ಅಂವಾ ಹೆಜ್ಜೀನ ಎತ್ತಂಗಿಲ್ರಿ ಸರ" ಎಂದು ತಾಯಿಯೊಬ್ಬರು ಹೇಳಿದಾಗ, ತಿನಿಸನ್ನು ಬಹುಮಾನವಾಗಿ ಕೊಡುವ ರೂಢಿ ಎಷ್ಟು ಆಳವಾಗಿದೆ ಎಂಬುದು ನನಗೆ ಮನದಟ್ಟಾಯಿತು. ನಾನು ಬಿಸ್ಕೀಟಿನ ಬದಲು ಸೀಟಿಯನ್ನು ಕೊಟ್ಟೆ: ಸುತ್ತು ಮುಗಿಸಿದವರು ಮುಂದಿನವರಿಗೆ ಸೀಟಿ ಊದಬೇಕು. ಆ ಹುಡುಗ ಸೀಟಿಗಾಗಿಯೇ ಸುತ್ತು ಮುಗಿಸುವಂತಾದ.

ಮನೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯಸೊಪ್ಪು, ಮಜ್ಜಿಗೆ ಇದ್ದೇ ಇತ್ತು. ಬದಲಾಗಬೇಕಿದ್ದದ್ದು ಬಡಿಸುವ ಅಳತೆ ಮತ್ತು ಉಣ್ಣುವ ವೇಗ. ಬಾಯಿಯ ಸ್ನಾಯುಗಳು ಸಡಿಲವಾಗಿರುವ ಮಕ್ಕಳು ಸರಿಯಾಗಿ ಅಗಿಯದೆ ನುಂಗುವುದುಂಟು. ಆದ್ದರಿಂದ ಕಟಕ್ ರೊಟ್ಟಿಯ ಬದಲು ಮೆತ್ತನೆಯ ರೊಟ್ಟಿಯನ್ನು ಸಣ್ಣ ಚೂರು ಮಾಡಿ, ಒಂದು ತುತ್ತು ಇಳಿದ ಮೇಲೆಯೇ ಮುಂದಿನದನ್ನು ಕೊಡಲು ಹೇಳಿದೆ. ಪಥ್ಯವೆಂದು ಒಬ್ಬನಿಗೆ ಮಾತ್ರ ಬೇರೆ ತಟ್ಟೆ ಇಡುವುದನ್ನು ನಾನು ಒಪ್ಪುವುದಿಲ್ಲ. ಸಂಜೆಯ ಚೂಡಾ, ಭಜಿ ಮನೆಯವರೆಲ್ಲರಿಗೂ ಕಡಿಮೆಯಾಗಬೇಕು.

ಇಷ್ಟಾದರೂ ತೂಕ ಏರುತ್ತ, ಉತ್ಸಾಹದಿಂದಿದ್ದ ಮಗು ಮಂಕಾದರೆ ಅದನ್ನು ಸೋಮಾರಿತನವೆಂದು ಗದರಬಾರದು. ಥೈರಾಯ್ಡ್ ಕೊರತೆ ಇವರಲ್ಲಿ ಹೆಚ್ಚು. ವರ್ಷಕ್ಕೊಮ್ಮೆ ಥೈರಾಯ್ಡ್ ಕೆಲಸವನ್ನು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಲೇಬೇಕೆಂದು ನಾನು ಪ್ರತಿಯೊಬ್ಬ ಪಾಲಕರಿಗೂ ಒತ್ತಿ ಹೇಳುತ್ತೇನೆ.