ಇಮೇಲ್ ವೋಟು, ಮೂರು ಬೈಲಾ, ಒಂದು ನೆರಳು ಬಟ್ಟೆ

ಮಗಳ ಶಾಲೆಯ ಪಿಟಿಒಗೆ ನಾನು ಸೆಕ್ರೆಟರಿ ಆಗಿದ್ದು ಬೇರೆ ಯಾರೂ ಕೈ ಎತ್ತಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ನಾವಿರುವುದು ನ್ಯೂಜೆರ್ಸಿಯಲ್ಲಿ. "ತಿಂಗಳಿಗೊಂದು ಮೀಟಿಂಗು, ನೋಟ್ಸ್ ಬರೆದುಕೊಂಡರೆ ಆಯ್ತು" ಅಂದರು. ನಂಬಿಬಿಟ್ಟೆ.

ಪಿಟಿಒ ಅಂದರೆ ಪೋಷಕರು ಮತ್ತು ಶಿಕ್ಷಕರ ಸಂಘ. ಪಿಟಿಎ ಅಂತ ಇನ್ನೊಂದಿದೆ. ಅದಕ್ಕೆ ಮೇಲೆ ರಾಜ್ಯದ ಘಟಕ, ಅದರ ಮೇಲೆ 1897ರಲ್ಲಿ ಹುಟ್ಟಿದ ರಾಷ್ಟ್ರಮಟ್ಟದ ಸಂಸ್ಥೆ. ತಕರಾರು ಬಂದರೆ ಕೇಳಲು ಒಬ್ಬರು ಇರುತ್ತಾರೆ. ಪಿಟಿಒಗೆ ಹಾಗಿಲ್ಲ, ಅದು ಸ್ವತಂತ್ರ ಸಂಘ. ಜಗಳವಾದರೆ ನಮ್ಮ ಬೈಲಾನೇ, ಅಂದರೆ ಸಂಘ ತನಗೆ ತಾನೇ ಬರೆದುಕೊಂಡ ನಿಯಮಾವಳಿಯೇ ಗತಿ.

ಜಗಳ ಬಂದಿದ್ದು ಆಟದ ಮೈದಾನಕ್ಕೆ ಹಾಕುವ ನೆರಳು ಬಟ್ಟೆಯಿಂದ. ಬೆಲೆ 6,400 ಡಾಲರ್. ಶುಕ್ರವಾರದೊಳಗೆ ಹೇಳಿದರೆ ರಿಯಾಯಿತಿ ಅಂತ ಅಂಗಡಿಯವರು ಅಂದಿದ್ದರು. ನಮ್ಮ ಅಧ್ಯಕ್ಷೆ ಬೋರ್ಡಿನ ಏಳು ಜನಕ್ಕೆ ಇಮೇಲ್ ಹಾಕಿ "ಹೌದು ಅಥವಾ ಬೇಡ ಅಂತ ತಿಳಿಸಿ" ಅಂದರು. ಐದು ಹೌದು, ಒಂದು ಬೇಡ, ಒಬ್ಬರದ್ದು ಉತ್ತರವೇ ಇಲ್ಲ. ಖಜಾಂಚಿ ಅರ್ಧ ದುಡ್ಡಿಗೆ ಚೆಕ್ ಬರೆದು ಕಳಿಸಿದರು. ನಾನೂ ಹೌದು ಅಂದವಳೇ.

ನವೆಂಬರಿನ ಸಾಮಾನ್ಯ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ಕೈಯಲ್ಲಿ ಬೈಲಾದ ಪ್ರಿಂಟು, ಅದಕ್ಕೆ ಹಳದಿ ಚೀಟಿ ಬೇರೆ. "ಇಮೇಲಿನಲ್ಲಿ ವೋಟು ಹಾಕಬಹುದು ಅಂತ ಇದರಲ್ಲಿ ಎಲ್ಲಿದೆ, ತೋರಿಸಿ" ಅಂದರು. "ಯಾವತ್ತೂ ಹೀಗೇ ಮಾಡಿಕೊಂಡು ಬಂದಿದ್ದೀವಲ್ಲ" ಅಂದರು ಅಧ್ಯಕ್ಷೆ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಬೈಲಾ ಇರಬೇಕಾದದ್ದು ಸೆಕ್ರೆಟರಿ ಹತ್ತಿರ ತಾನೇ? ಲ್ಯಾಪ್‌ಟಾಪ್ ತೆರೆದರೆ ಗೂಗಲ್ ಡ್ರೈವಿನಲ್ಲಿ ಮೂರು ಫೈಲು. "ಬೈಲಾ ಫೈನಲ್", "ಬೈಲಾ ಫೈನಲ್ 2", "ಬೈಲಾ ಹೊಸದು". ಮುಂದಿನ ಸಭೆಗೆ ಹುಡುಕಿ ತರುತ್ತೇನೆ ಅಂತ ಹೇಳಿ ಕೂತೆ. ಕಿವಿ ಬಿಸಿಯಾಗಿತ್ತು.

ಮೂರರಲ್ಲಿ ಯಾವುದು ಅಸಲಿ ಅಂತ ಫೈಲಿನ ಹೆಸರು ನೋಡಿ ಹೇಳಲಾಗದು, ತಾರೀಖು ನೋಡಿಯೂ ಹೇಳಲಾಗದು. ಸದಸ್ಯರು ವೋಟು ಹಾಕಿ ಒಪ್ಪಿದ್ದು ಯಾವುದೋ ಅದೇ ಬೈಲಾ. ವೋಟು ಹಾಕಿದ ದಾಖಲೆ ಇರುವುದು ನಡಾವಳಿಯಲ್ಲಿ. ಹಾಗಾಗಿ ಹಳೆಯ ನಡಾವಳಿಗಳನ್ನೆಲ್ಲ ಹಿಂದಿನಿಂದ ಓದುತ್ತಾ ಹೋದೆ. ಮೂರು ರಾತ್ರಿ ಹಿಡಿಯಿತು. 2016ರ ಮೇ ಸಭೆಯಲ್ಲಿ ಒಂದು ತಿದ್ದುಪಡಿ ಪಾಸಾಗಿತ್ತು, ಅದರ ಪಠ್ಯವೂ ಜೊತೆಗಿತ್ತು. ಆ ಪಠ್ಯ ಇದ್ದದ್ದು "ಫೈನಲ್ 2" ಒಂದರಲ್ಲೇ. "ಫೈನಲ್" ಅದಕ್ಕಿಂತ ಹಳೆಯದು. "ಹೊಸದು" ಅನ್ನುವುದು ಯಾರೋ ಉತ್ಸಾಹದಲ್ಲಿ ಟೈಪ್ ಮಾಡಿ ಕೈಬಿಟ್ಟ ಕರಡು. ಆ ತಾಯಿ ಹಿಡಿದುಕೊಂಡಿದ್ದು ಇದೇ ಕರಡಿನ ಪ್ರಿಂಟು! ಒಂದು ಕ್ಷಣ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಇಮೇಲ್ ವೋಟಿನ ಮಾತು ಮೂರರಲ್ಲಿ ಯಾವುದರಲ್ಲೂ ಇರಲಿಲ್ಲ. ಪ್ರಿಂಟು ತಪ್ಪು, ಪ್ರಶ್ನೆ ಸರಿ.

ಇಂಥ ಕಡೆ ಯಾವ ನಿಯಮ ಮೇಲೆ, ಯಾವುದು ಕೆಳಗೆ ಅನ್ನುವುದು ಗೊತ್ತಿರಬೇಕು. ಎಲ್ಲಕ್ಕಿಂತ ಮೇಲೆ ರಾಜ್ಯದ ಕಾನೂನು, ಆಮೇಲೆ ಸಂಘದ ನೋಂದಣಿ ಪತ್ರ, ಆಮೇಲೆ ಬೈಲಾ. ಬೈಲಾ ಬಾಯಿ ಮುಚ್ಚಿಕೊಂಡಿದ್ದರೆ ರಾಬರ್ಟ್ಸ್ ರೂಲ್ಸ್ ಅನ್ನುವ, ಸಭೆ ನಡೆಸುವ ನಿಯಮಗಳ ಪುಸ್ತಕ, ಯಾಕೆಂದರೆ ನಮ್ಮ ಬೈಲಾದ ಕೊನೆಯ ಕಲಮಿನಲ್ಲಿ ಅದರ ಹೆಸರಿದೆ. ರೂಢಿ ಬರುವುದು ಎಲ್ಲಕ್ಕಿಂತ ಕೊನೆಗೆ. "ಯಾವತ್ತೂ ಹೀಗೇ" ಅನ್ನುವ ಮಾತು ಬರೆದಿಟ್ಟ ನಿಯಮದ ಮುಂದೆ ನಿಲ್ಲುವುದಿಲ್ಲ. ನಮ್ಮ ರಾಜ್ಯದ ಕಾನೂನಿನಲ್ಲಿ ಬೋರ್ಡಿನವರೆಲ್ಲ ಲಿಖಿತವಾಗಿ ಒಪ್ಪಿದರೆ ಸಭೆ ಇಲ್ಲದೆಯೂ ನಿರ್ಧಾರ ಮಾಡಬಹುದು. ಎಲ್ಲರೂ ಒಪ್ಪಬೇಕು. ನಮ್ಮದು ಏಳರಲ್ಲಿ ಐದು. ರಾಬರ್ಟ್ಸ್ ಪ್ರಕಾರವೂ ಬೈಲಾದಲ್ಲಿ ಇಲ್ಲದಿದ್ದರೆ ಇಮೇಲ್ ವೋಟು ಲೆಕ್ಕಕ್ಕಿಲ್ಲ.

ಈ ರಾಬರ್ಟ್ ಅಮೆರಿಕದ ಸೈನ್ಯದ ಎಂಜಿನಿಯರ್. ಒಂದು ಚರ್ಚಿನ ಸಭೆಗೆ ಅಧ್ಯಕ್ಷನಾಗಿ ಕೂತು, ಸಭೆ ಕೈತಪ್ಪಿ ಮುಜುಗರವಾಗಿ, ಇನ್ನು ಮೇಲೆ ಇದನ್ನು ಕಲಿತೇ ಕೂರುತ್ತೇನೆ ಅಂತ ಹೊರಟವನು. 1876ರಲ್ಲಿ ಪುಸ್ತಕ ಬಂತು. ನವೆಂಬರಿನ ಸಭೆಯ ಮೇಲೆ ಅವನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ಕಲಮು ನೋಡಿ ಎದೆ ಧಸಕ್ಕೆಂದಿತು. ಬಜೆಟ್ಟಿನಲ್ಲಿ ಇಲ್ಲದ 1,000 ಡಾಲರ್‌ಗಿಂತ ಜಾಸ್ತಿ ಖರ್ಚಿಗೆ ಸಾಮಾನ್ಯ ಸಭೆಯೇ ಒಪ್ಪಬೇಕು. ಅಂದರೆ ಬೋರ್ಡು ಎದುರುಬದುರು ಕೂತು ವೋಟು ಹಾಕಿದ್ದರೂ ನೆರಳು ಬಟ್ಟೆಯ ಖರ್ಚು ಸಿಂಧು ಆಗುತ್ತಿರಲಿಲ್ಲ. ದಾರಿ ಒಂದೇ, ಸಾಮಾನ್ಯ ಸಭೆಯಿಂದ ಆ ಖರ್ಚಿಗೆ ಸ್ಥಿರೀಕರಣ, ಅಂದರೆ ಆಗಿಹೋದದ್ದಕ್ಕೆ ಆಮೇಲಿನ ಒಪ್ಪಿಗೆ, ತಗೊಳ್ಳುವುದು. ಸಭೆ ಒಲ್ಲೆ ಅಂದರೆ ಆ ಚೆಕ್ಕಿನ ಹೊಣೆ ಬರೆದವರ ತಲೆಗೇ ಬರಬಹುದು. ಖಜಾಂಚಿಗೆ ಇದನ್ನು ಹೇಳಿದಾಗ ಅವರು ಸುಮ್ನೆ ಕಾಫಿ ಲೋಟ ನೋಡುತ್ತಾ ಕೂತರು.

ಇದನ್ನೆಲ್ಲ ನೇರ ಸಭೆಯಲ್ಲಿ ಓದಿ ಹೇಳಬಹುದಿತ್ತು. ಹೇಳಲಿಲ್ಲ. ಹಿಂದಿನ ದಿನ ಸಂಜೆ ಅಧ್ಯಕ್ಷೆಗೆ ಫೋನ್ ಮಾಡಿ ಕಲಮುಗಳನ್ನು ಒಂದೊಂದಾಗಿ ಓದಿದೆ. ಮೊದಲು ರೇಗಿದರು, ಆಮೇಲೆ "ಸರಿ, ನಾನೇ ಹೇಳ್ತೀನಿ" ಅಂದರು. ಅವರ ಬಾಯಿಂದಲೇ ಬಂದಿದ್ದಕ್ಕೆ ಸಭೆ ಅರ್ಧ ತಣ್ಣಗಾಯಿತು.

ಆದರೆ ಡಿಸೆಂಬರಿನ ಬೋರ್ಡ್ ಸಭೆಯಲ್ಲಿ ನಾನೇ ಎಡವಿದೆ. ಸ್ಥಿರೀಕರಣಕ್ಕೆ ಶಿಫಾರಸು ಮಾಡುವ ಠರಾವು. ಪ್ರಿನ್ಸಿಪಾಲರು ಕೈ ಎತ್ತಿದರು. "ನೀವು ಪ್ರಿನ್ಸಿಪಾಲ್ ಹುದ್ದೆಯಲ್ಲಿರುವುದಕ್ಕೆ ಬೋರ್ಡಿನ ಸದಸ್ಯರು, ನಿಮಗೆ ವೋಟಿಲ್ಲ" ಅಂದುಬಿಟ್ಟೆ. ಅವರು ಕೈ ಇಳಿಸಿದರು. ಮನೆಗೆ ಬಂದು ಪುಸ್ತಕ ನೋಡಿದರೆ ಎಲ್ಲ ತಿರುವುಮುರುವು. ಬೈಲಾ ಬೇಡ ಅನ್ನದಿದ್ದರೆ ಹುದ್ದೆಯಿಂದ ಬಂದ ಸದಸ್ಯರಿಗೂ ಪೂರ್ತಿ ಹಕ್ಕಿದೆ, ವೋಟೂ ಸೇರಿ. ಅದಕ್ಕಿಂತ ದೊಡ್ಡ ತಪ್ಪೆಂದರೆ ತೀರ್ಪು ಕೊಡುವುದು ನನ್ನ ಕೆಲಸವೇ ಅಲ್ಲ. ನಿಯಮ ಮೀರುತ್ತಿದೆ ಅಂತ ಕ್ರಮದ ಪ್ರಶ್ನೆ ಎತ್ತಬಹುದು, ಅಷ್ಟೇ. ತೀರ್ಮಾನ ಅಧ್ಯಕ್ಷೆಯದು. ಅದು ಒಪ್ಪಿಗೆಯಾಗದಿದ್ದರೆ ಸಭೆಗೇ ಮೇಲ್ಮನವಿ. ಅವರ ವೋಟು ಸೇರಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೂ ಮುಂದಿನ ಬೋರ್ಡ್ ಸಭೆಯಲ್ಲಿ ಎದ್ದು ತಪ್ಪೊಪ್ಪಿಕೊಂಡೆ.

ಜನವರಿಯ ಸಾಮಾನ್ಯ ಸಭೆಗೆ ಕೋರಂ, ಅಂದರೆ ಕನಿಷ್ಠ ಇರಲೇಬೇಕಾದ ಹಾಜರಿ, 15. ಹೊರಗೆ ಹಿಮ. ಏಳೂವರೆಗೆ ಎಣಿಸಿದರೆ 14 ಜನ. ಹತ್ತು ನಿಮಿಷ ಕಾದರೂ 14. ಜಿಮ್ಮಿನಲ್ಲಿ ಮಕ್ಕಳ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸು ನಡೆಯುತ್ತಿತ್ತು. ಪಾರ್ಕಿಂಗಿಗೆ ಓಡಿದೆ. ಒಬ್ಬ ಅಪ್ಪ ಕಾರಿನಲ್ಲಿ ಹೀಟರ್ ಹಾಕಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಚಂದಾ ಕಟ್ಟಿದ ಸದಸ್ಯ, ಪಟ್ಟಿಯಲ್ಲಿ ಹೆಸರಿತ್ತು. ಸ್ಯಾಂಡ್‌ವಿಚ್ ಸಮೇತ ಕರೆದುಕೊಂಡು ಬಂದೆ. ಪರ 11, ವಿರೋಧ 3, ಅಧ್ಯಕ್ಷೆ ವೋಟು ಹಾಕಲಿಲ್ಲ. ವಿರೋಧದ ಮೂರರಲ್ಲಿ ಒಂದು ಆ ಅಪ್ಪನದ್ದೇ.

ನಡಾವಳಿ ಬರೆಯುವುದನ್ನು ನನಗೆ ಕಲಿಸಿದವರು ಅಪ್ಪ. ಮಂಡ್ಯದ ಕಡೆ ಒಂದು ಹಾಲಿನ ಸೊಸೈಟಿಯಲ್ಲಿ ಅವರು ಬಹಳ ವರ್ಷ ಕಾರ್ಯದರ್ಶಿ ಆಗಿದ್ದರು. ನನ್ನ ಮೊದಲ ನಡಾವಳಿ ಮೂರು ಪುಟ. ಯಾರು ಏನಂದರು, ಯಾರು ಮುಖ ಸಿಂಡರಿಸಿದರು, ಎಲ್ಲ ಇತ್ತು. ಅದನ್ನು ಓದಿ ಇಬ್ಬರು ಮಾತು ಬಿಟ್ಟರು. ಫೋನಿನಲ್ಲಿ ಅಪ್ಪನಿಗೆ ಹೇಳಿಕೊಂಡಾಗ ನಕ್ಕರು. "ಪುಟ್ಟಿ, ಆಡಿದ ಮಾತು ಬರೀಬೇಡ, ಆದ ಠರಾವು ಬರಿ. ಸೂಚಕರು ಯಾರು, ಅನುಮೋದಕರು ಯಾರು, ಪರ ಎಷ್ಟು, ವಿರೋಧ ಎಷ್ಟು. ಮುಗೀತು" ಅಂದರು. ರಾಬರ್ಟ್ಸ್ ಹೇಳುವುದೂ ಇದನ್ನೇ. ಒಂದೇ ವ್ಯತ್ಯಾಸ, ಅದರಲ್ಲಿ ಅನುಮೋದಕರ ಹೆಸರು ಬರೆಯಬೇಕಾಗಿಲ್ಲ. ಅಪ್ಪನಿಗೆ ಹೇಳಿದೆ. ನಂಬಲಿಲ್ಲ. ನಾನು ಈಗಲೂ ಬರೆಯುತ್ತೇನೆ.

ಇಮೇಲ್ ವೋಟಿಗೆ ಬೈಲಾ ತಿದ್ದುಪಡಿ ಏಪ್ರಿಲ್ಲಿಗೆ ಇಟ್ಟಿದ್ದೆವು. ತುರ್ತು ಇದ್ದಾಗ, 1,000 ಡಾಲರ್ ಒಳಗಿನ ಖರ್ಚಿಗೆ ಮಾತ್ರ, ಬೋರ್ಡಿನ ಎಲ್ಲರೂ ಲಿಖಿತವಾಗಿ ಹೌದು ಅಂದರೆ ಸರಿ. ಒಬ್ಬರು ಬೇಡ ಅಂದರೂ, ಒಬ್ಬರು ಉತ್ತರ ಕೊಡದಿದ್ದರೂ ಸಭೆಗೆ ಬರಬೇಕು. ತಿದ್ದುಪಡಿಗೆ 30 ದಿನದ ನೋಟಿಸು, ಮೂರನೇ ಎರಡರಷ್ಟು ವೋಟು ಬೇಕು. ನೋಟಿಸಿನಲ್ಲಿ ನಾನು "ಇಮೇಲ್ ಮತದಾನದ ಬಗ್ಗೆ ತಿದ್ದುಪಡಿ" ಅಂತ ಒಂದೇ ಸಾಲು ಬರೆದಿದ್ದೆ. ಅದೇ ತಾಯಿ ಮತ್ತೆ ಎದ್ದರು. ಈ ಸಲ ಕೈಯಲ್ಲಿ "ಫೈನಲ್ 2". ತಿದ್ದುಪಡಿಯ ಪೂರ್ತಿ ಪಠ್ಯ ನೋಟಿಸಿನಲ್ಲಿ ಇರಬೇಕು ಅನ್ನುವ ಸಾಲಿಗೆ ಹಳದಿ ಚೀಟಿ. ಅಲ್ಲಗಳೆಯುವ ಹಾಗೇ ಇರಲಿಲ್ಲ. ಮೇ ತಿಂಗಳಿಗೆ ಮುಂದೂಡಿ, ಪಠ್ಯ ಸಮೇತ ಮತ್ತೆ ನೋಟಿಸು ಕೊಟ್ಟೆವು. ಅವರು ನನ್ನ ಸ್ನೇಹಿತೆ ಏನೂ ಆಗಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಸಿಕ್ಕರೆ ಒಂದು ಹಲೋ, ಅಷ್ಟೇ.

ಮೇ ಸಭೆಯಲ್ಲಿ ತಿದ್ದುಪಡಿ ಪಾಸಾಯಿತು. ಅವತ್ತೇ ರಾತ್ರಿ ಹೊಸ ಪ್ರತಿ ಮಾಡಿ, ಒಪ್ಪಿಗೆಯಾದ ತಾರೀಖನ್ನು ಫೈಲಿನ ಹೆಸರಿನಲ್ಲೂ ಪ್ರತಿ ಪುಟದ ಕೆಳಗೂ ಹಾಕಿದೆ. ಹಳೆಯ ಮೂರನ್ನು ಅಳಿಸಲಿಲ್ಲ, "ಹಳೆಯವು" ಅನ್ನುವ ಫೋಲ್ಡರಿಗೆ ತಳ್ಳಿದೆ.

ನೆರಳು ಬಟ್ಟೆ ಕಟ್ಟಿ ಮುಗಿಸಿದ್ದು ಜೂನಿನಲ್ಲಿ. ಬೇಸಿಗೆ ರಜಕ್ಕೆ ಇನ್ನೆರಡೇ ದಿನ ಇತ್ತು.