ಹೊಳಪಿಲ್ಲದ ಪಾಲಿಶ್ ಹುಡುಕಿದ್ದು: ನನ್ನ ಅನುಭವ

ತುಮಕೂರಿನ ನಮ್ಮ ಮನೆಯ ಮಹಡಿ ರೂಮಿಗೆ ತೇಗದ ಹಲಗೆಯ ನೆಲ. ಹಳೇ ವಾರ್ನಿಶ್ ಹಳದಿಗಟ್ಟಿ, ಕಿಟಕಿ ಪಕ್ಕ ಸಿಪ್ಪೆ ಏಳುತ್ತಿತ್ತು. "ಗ್ಲಾಸಿ ಹೊಡೆಸಿ ಸಾರ್, ಮಿರಮಿರ ಅನ್ನತ್ತೆ" ಅಂದರು ಆಚಾರ್ರು. ನನಗೆ ಮರ ಮರದ ಹಾಗೇ ಕಂಡರೆ ಸಾಕಿತ್ತು.

ಪೂರ್ತಿ ಉಜ್ಜಿಸಿ, ಮಂಚ ಬರುವ ಜಾಗದಲ್ಲಿ ಎರಡು ಪಟ್ಟಿ ಹಚ್ಚಿ ನೋಡಿದೆವು. ಎಣ್ಣೆ ಬೇಸಿನ ಪಾಲಿಯುರೆಥೇನ್ (ವಾರ್ನಿಶ್ ಥರದ ಮರದ ಪಾಲಿಶ್) ಜೇನುಬಣ್ಣಕ್ಕೆ ತಿರುಗಿತು. ವರ್ಷ ಕಳೆದಂತೆ ಅದು ಇನ್ನೂ ಹಳದಿಯಾಗುತ್ತದೆ. ನೀರಿನ ಬೇಸಿನ ಮ್ಯಾಟ್, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ಹಚ್ಚಿದ ಕಡೆ ಬಣ್ಣ ಅಷ್ಟೇನೂ ಬದಲಾಗಲಿಲ್ಲ. ಅದನ್ನೇ ಆರಿಸಿದೆವು.

ತೇಗದಲ್ಲಿ ಎಣ್ಣೆ ಅಂಶ ಇರುತ್ತದಲ್ವಾ, ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಮೊದಲ ಕೋಟ್‌ಗೆ ನಾರು ಎದ್ದು ಕೈಗೆ ತರಿತರಿ ಸಿಗುತ್ತದೆ, ಗಾಬರಿ ಬೇಡ. ಒಣಗಿದ ಮೇಲೆ 220 ನಂಬರಿನ ನಯವಾದ ಸ್ಯಾಂಡ್‌ಪೇಪರಿನಲ್ಲಿ ಹಗುರಾಗಿ ಉಜ್ಜಿ, ಧೂಳು ತೆಗೆದು, ಇನ್ನೆರಡು ಕೋಟ್ ಕೊಡಿ. ದರ ಜಾಸ್ತಿ, ವಾಸನೆ ಮಾತ್ರ ಕಮ್ಮಿ.