ಮುಟ್ಟಿದರೆ ಮುನಿ: ಮುಧೋಳ ನಾಯಿಯನ್ನು ಪಳಗಿಸುವ ಬಗೆ

ಮುಧೋಳ ನಾಯಿಯ ಮೇಲೆ ಸಾಮಾನ್ಯವಾಗಿ ಎರಡು ದೂರುಗಳಿವೆ. ಒಂದು, ‘ಭಾಳ ಪುಕ್ಕಲ, ಯಾರರ ಬಂದ್ರ ಹಿಂದಕ್ಕ ಸರೀತದ’. ಇನ್ನೊಂದು, ‘ಕಚ್ಚತದ’. ಎಷ್ಟೋ ಸಲ ಒಂದೇ ಮನೆಯವರು ಒಂದೇ ನಾಯಿಯ ಬಗ್ಗೆ ಎರಡನ್ನೂ ಹೇಳುತ್ತಾರೆ. ಎರಡಕ್ಕೂ ಬೇರು ಒಂದೇ. ಹೊಸಬರ ಕೈ ಮೈಮೇಲೆ ಬೀಳುವುದು ಈ ತಳಿಗೆ ಆಗಿಬರುವುದಿಲ್ಲ. ಜಾಗವಿದ್ದರೆ ದೂರ ಸರಿಯುತ್ತದೆ, ಮೂಲೆಗೆ ಸಿಕ್ಕಿದರೆ ಅಥವಾ ಸರಪಳಿಯಲ್ಲಿದ್ದರೆ ಹಲ್ಲು ತೋರಿಸುತ್ತದೆ. ನಾನು ಮರಿಗಳನ್ನು ಪಳಗಿಸುವ ಕ್ರಮವೆಲ್ಲ ಈ ಒಂದು ಸಂಗತಿಯ ಸುತ್ತ ನಿಂತಿದೆ.

ಸ್ವಭಾವ ಅರ್ಥವಾಗಬೇಕಾದರೆ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು. ಇದು ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಂದ ಕಂಡು ಅಟ್ಟಿಸಿಕೊಂಡು ಹೋಗುವ ಬೇಟೆನಾಯಿ, ಅರಬ್ ನಾಡಿನ ಬೇಟೆನಾಯಿ ಸಲೂಕಿಯ ಕಡೆಯ ಬಳಗ. ವ್ಯಾಪಾರಿಗಳ ಕಾರವಾನ್ ಜೊತೆ ಪಶ್ಚಿಮದಿಂದ ದಖ್ಖನಿಗೆ ಬಂದದ್ದೆಂಬ ನಂಬಿಕೆಯಿಂದ ಇದಕ್ಕೆ ಕಾರವಾನ್ ಹೌಂಡ್, ಕಾರವಾನಿ ಎಂಬ ಹೆಸರೂ ಇದೆ. ಮೈಯಲ್ಲಿ ನುಣುಪು ಕೂದಲಿರುವುದು ಕಾರವಾನಿ, ಕಿವಿ ಬಾಲಗಳಲ್ಲಿ ರೇಷ್ಮೆಯಂಥ ಕೂದಲು ಇಳಿಬಿದ್ದಿದ್ದರೆ ಪಶ್ಮಿ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ ಬೆಳೆಸಿದರು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟರು. ಊರಿನ ಹೆಸರು ನಾಯಿಗೆ ಅಂಟಿಕೊಂಡದ್ದು ಹಾಗೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮೀರತ್‌ನ ಸೇನಾ ಕೇಂದ್ರಕ್ಕೂ ಮರಿಗಳು ಹೋಗಿವೆ. ಆ ಸುದ್ದಿ ಕೇಳಿಯೇ ಬಹಳ ಜನ ಕಾವಲಿಗೆಂದು ಕೊಂಡು ಗೇಟಿಗೆ ಕಟ್ಟಿಹಾಕಿದ್ದು. ಈ ತಳಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಹೊಲದಲ್ಲಿ ಮೊಲ ಎದ್ದಾಗ ಯಜಮಾನನ ಅಪ್ಪಣೆಗೆ ಕಾದು ನಿಂತ ನಾಯಿಗೆ ಬೇಟೆ ಸಿಗುತ್ತಿರಲಿಲ್ಲ. ತಾನೇ ನೋಡಿ, ತಾನೇ ತೀರ್ಮಾನಿಸಿ ಓಡುವ ನಾಯಿಗಳೇ ತಲೆಮಾರುಗಳಿಂದ ಆಯ್ಕೆಯಾಗುತ್ತ ಬಂದವು. ಜರ್ಮನ್ ಶೆಫರ್ಡ್ ಪಕ್ಕದಲ್ಲಿಟ್ಟು ‘ಮಾತು ಕೇಳಲ್ಲ, ದಡ್ಡ’ ಎನ್ನುವವರು ಇದನ್ನು ಮರೆಯುತ್ತಾರೆ.

ನಾಯಿಮರಿ ಲೋಕವನ್ನು ಒಪ್ಪಿಕೊಳ್ಳುವ ಕಾಲ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ. ಮರಿ 8ನೇ ವಾರಕ್ಕೆ ಮನೆಗೆ ಬಂದರೆ ನಮ್ಮ ಕೈಯಲ್ಲಿ ಉಳಿಯುವುದು ಆರು ವಾರ. ಲಸಿಕೆ ಇನ್ನೂ ಪೂರ್ತಿಯಾಗಿರುವುದಿಲ್ಲ, ಆದ್ದರಿಂದ ಬೀದಿಯ ನೆಲಕ್ಕೆ ಬಿಡದೆ ಎತ್ತಿಕೊಂಡೇ ಸಂತೆ, ಬಸ್ ನಿಲ್ದಾಣ ತೋರಿಸುತ್ತೇನೆ. ಮನೆಗೆ ದಿನಕ್ಕೆ ಒಬ್ಬಿಬ್ಬರು ಹೊಸಬರು ಬಂದರೆ ಸಾಕು. ಅವರಿಗೆ ಹೇಳುವುದಿಷ್ಟೆ: ಮರಿಯಿಂದ ಮೂರು ಮೀಟರ್ ದೂರದಲ್ಲಿ ಪಕ್ಕಕ್ಕೆ ತಿರುಗಿ ಕೆಳಗೆ ಕೂತುಕೊಳ್ಳಿ, ಕಣ್ಣಲ್ಲಿ ಕಣ್ಣಿಡಬೇಡಿ, ಕೈ ಚಾಚಬೇಡಿ. ಬೇಯಿಸಿದ ಲಿವರ್‌ನ ಚೂರನ್ನು ಮರಿಯ ಹಿಂದಕ್ಕೆ ಎಸೆಯಿರಿ.

ಹಿಂದಕ್ಕೆ ಎನ್ನುವುದೇ ಇಲ್ಲಿನ ಗುಟ್ಟು. ಕೈಯಲ್ಲಿ ಹಿಡಿದು ಕರೆದರೆ ಮರಿ ಆಸೆಗೆ ಕತ್ತು ಚಾಚಿ ಬರುತ್ತದೆ, ಹಿಂಗಾಲು ಮಾತ್ರ ಹಿಂದೆಯೇ ಊರಿರುತ್ತದೆ. ತಿಂದು ಮುಗಿದ ಕ್ಷಣ ‘ಅಯ್ಯೋ, ಇಷ್ಟು ಹತ್ತಿರ ಬಂದೆನಾ’ ಎಂದು ಬೆದರುತ್ತದೆ, ಆಗಲೇ ಬಾಯಿ ಹಾಕುವುದು. ಹಿಂದಕ್ಕೆ ಎಸೆದರೆ ತಿಂಡಿಯೂ ಸಿಕ್ಕಿತು, ದೂರವೂ ಸಿಕ್ಕಿತು. ತಿಂದು ತಾನಾಗಿಯೇ ತಿರುಗಿ ಮುಂದೆ ಬರುತ್ತದೆ, ಪ್ರತಿ ಸಲವೂ ಅರ್ಧ ಹೆಜ್ಜೆ ಹೆಚ್ಚು. ಕಿವಿ ತಲೆಗೆ ಅಂಟುವುದು, ಬಾಯಿ ಮೇಲೆ ನಾಲಿಗೆ ಆಡಿಸುವುದು, ಮುಖ ಆಚೆ ತಿರುಗಿಸಿ ಕಣ್ಣನ್ನು ಮಾತ್ರ ಕೈಮೇಲೆ ಇಡುವುದು, ಇವು ಕಂಡರೆ ಆ ದಿನಕ್ಕೆ ನಿಲ್ಲಿಸಬೇಕು. ಆರರಿಂದ ಹದಿನಾಲ್ಕು ತಿಂಗಳ ನಡುವೆ ಇನ್ನೊಮ್ಮೆ ಹೆದರಿಕೆ ಕಾಣಿಸಿಕೊಳ್ಳುವುದುಂಟು. ಎರಡು ತಿಂಗಳು ಸುಮ್ಮನಿದ್ದ ನಾಯಿ ಹಾಲಿನವನಿಗೆ ಬೊಗಳತೊಡಗುತ್ತದೆ. ಆಗ ಬೈದರೆ ಕೆಟ್ಟಿತು. ಮೂರು ಮೀಟರ್‌ನಿಂದ ಮತ್ತೆ ಶುರು, ಅಷ್ಟೆ.

ಕೊರಳಪಟ್ಟಿಯ ವಿಷಯ. ಇದರ ತಲೆ ಉದ್ದ ಮತ್ತು ಕಿರಿದು, ಕತ್ತು ದಪ್ಪ. ಮಾಮೂಲಿ ಪಟ್ಟಿ ಹಾಕಿ ಹಿಂದಕ್ಕೆ ಜಗ್ಗಿದರೆ ಕಿವಿ ಮಡಿಸಿಕೊಂಡು ನುಣುಚಿ ಹೋಗುತ್ತದೆ. ಬೇಕಾದ್ದು 4–5 ಸೆಂ.ಮೀ. ಅಗಲದ ಮಾರ್ಟಿಂಗೇಲ್ ಪಟ್ಟಿ. ಜಗ್ಗಿದಾಗ ಕತ್ತಿನಳತೆಗೆ ಬಿಗಿಯಾಗುತ್ತದೆ, ಉಸಿರು ಕಟ್ಟುವಷ್ಟಲ್ಲ. ಹೊರಗೆ ಹೊರಡುವ ಮೊದಲು ಮನೆಯೊಳಗೇ ಎದುರು ನಿಂತು ಮೂತಿಯ ಕಡೆ ಎಳೆದು ನೋಡಿ. ಕಿವಿ ದಾಟಿತೆಂದರೆ ಇನ್ನಷ್ಟು ಬಿಗಿ ಮಾಡಿ. ಎದೆಪಟ್ಟಿಯಾದರೆ ಪಕ್ಕೆಲುಬಿನ ಹಿಂದೆ, ಹೊಟ್ಟೆ ಕಿರಿದಾಗುವಲ್ಲಿ ಮೂರನೇ ಪಟ್ಟಿ ಇರುವಂಥದ್ದೇ ಆಗಬೇಕು. ಹತ್ತು ಮೀಟರ್ ಹಗ್ಗ ಕಟ್ಟುವುದು ಎದೆಪಟ್ಟಿಗೆ ಮಾತ್ರ. ಪೂರ್ತಿ ಓಟದಲ್ಲಿ ಹಗ್ಗ ಮುಗಿದರೆ ಆ ಏಟು ಕತ್ತಿನ ಮೇಲೆ ಬೀಳಬಾರದು.

ಓಟ ಶುರುವಾದ ಮೇಲೆ ಕೂಗುವುದು ದಂಡ, ಕಿವಿ ಕೆಲಸ ಬಿಟ್ಟಿರುತ್ತದೆ. ಕೂಗಬೇಕಾದ ಗಳಿಗೆ ಅದಕ್ಕೂ ಮುಂಚೆ ಬರುತ್ತದೆ. ತಲೆ ಮೇಲೇಳುತ್ತದೆ, ಕಿವಿ ನಿಮಿರುತ್ತದೆ, ಕೆಲವೊಮ್ಮೆ ಒಂದು ಮುಂಗಾಲು ಎತ್ತಿದಂತೆಯೇ ನಿಂತುಬಿಡುತ್ತದೆ. ಆ ಒಂದೆರಡು ಸೆಕೆಂಡಿನೊಳಗೆ ಸೀಟಿ ಊದಬೇಕು. ತಿರುಗಿ ಬಂದರೆ ಬಹುಮಾನ ಬಿಸ್ಕತ್ ಅಲ್ಲ, ಓಟ. ಎರಡು ಮೀಟರ್ ಬಿದಿರು ಗಳಕ್ಕೆ ಅಷ್ಟೇ ಉದ್ದದ ಹಗ್ಗ, ತುದಿಗೆ ಬಟ್ಟೆಯ ಗಂಟು. ಮಣ್ಣು ಅಥವಾ ಹುಲ್ಲಿನ ಮೇಲೆ ಇಪ್ಪತ್ತು ಸೆಕೆಂಡ್ ಅಟ್ಟಾಡಿಸಿ, ಹಿಡಿಯಲು ಬಿಡಬೇಕು. ಐದು ಸಲವಾದರೆ ಸಾಕು. ವರ್ಷ ತುಂಬುವ ತನಕ ಗಕ್ಕನೆ ತಿರುಗಿಸಬಾರದು, ಎಲುಬಿನ ಬೆಳೆಯುವ ತುದಿಗಳು ಇನ್ನೂ ಮೆತ್ತಗಿರುತ್ತವೆ. ಲೇಸರ್ ಬೆಳಕು ಬೇಡವೇ ಬೇಡ. ಹಿಡಿಯಲು ಏನೂ ಸಿಗದೆ ನಾಯಿಗೆ ಅದೇ ಗೀಳಾಗುತ್ತದೆ. ಇನ್ನು ನಿಜವಾದ ಮೊಲದ ಮೇಲೆ ಬಿಡುವ ಮಾತೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ.

ಮೈ ನೋಡಿ ‘ಊಟ ಹಾಕಲ್ವಾ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆ ಕಾಣುವುದು ಸರಿಯಾದ ಮೈಕಟ್ಟು. ತೊಡೆ ಮುಟ್ಟಿ ನೋಡಬೇಕು, ಅಲ್ಲಿ ಸ್ನಾಯು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. 24 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 1,200–1,400 ಕ್ಯಾಲರಿ, ಎರಡು ಹೊತ್ತಾಗಿ. ಬರೀ ಜೋಳದ ರೊಟ್ಟಿ, ಹಾಲು ಸಾಲದು, ಮೊಟ್ಟೆಯೋ ಮಾಂಸವೋ ಜೊತೆಗೆ ಬೇಕು. ಉಂಡ ಎರಡು ಗಂಟೆ ಓಡಿಸಬಾರದು. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹೊಟ್ಟೆ ಡೋಲಿನಂತೆ ಬಿಗಿದು, ಓಕರಿಸಿದರೂ ಏನೂ ಬರದಿದ್ದರೆ ಬೆಳಗಿನ ತನಕ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ.

ಚರ್ಮ ತೆಳು, ಮುಳ್ಳುತಂತಿ ತಾಗಿದರೆ ಬಟ್ಟೆಯಂತೆ ಹರಿಯುತ್ತದೆ, ಹೊಲಿಗೆ ಅದೇ ದಿನ ಬೇಕಾಗುತ್ತದೆ. ಅರಿವಳಿಕೆ ಕೊಡುವ ಮೊದಲು ಇದು ಕಣ್ಣಿಂದ ಕಂಡು ಅಟ್ಟುವ ಬೇಟೆನಾಯಿ (ಸೈಟ್‌ಹೌಂಡ್) ತಳಿ ಎಂದು ಡಾಕ್ಟರಿಗೆ ನೆನಪಿಸಿ. ಮೈಯಲ್ಲಿ ಕೊಬ್ಬು ಕಡಿಮೆ, ಈ ಜಾತಿಯ ನಾಯಿಗಳ ಯಕೃತ್ತು ಥಯೋಪೆಂಟಲ್‌ನಂಥ ಮದ್ದನ್ನು ಕರಗಿಸುವುದೂ ನಿಧಾನ, ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ಏಳುವ ತನಕ ಕಂಬಳಿ ಹೊದಿಸಿರಬೇಕು.

ಎಷ್ಟೇ ಜೋಪಾನ ಮಾಡಿದರೂ ತಪ್ಪಿಸಲಾಗದ ಹೊಸ ಕೈ ಎಂದರೆ ಡಾಕ್ಟರದ್ದೇ. ಅದಕ್ಕೆಂದೇ ನಾಲ್ಕನೇ ತಿಂಗಳಿನಿಂದ ಬುಟ್ಟಿಯಂಥ ಬಾಯಿಕುಕ್ಕೆಯ ಒಳಗೆ ಮೊಸರು ಸವರಿ ನೆಕ್ಕಲು ಬಿಡುತ್ತೇನೆ. ಮೊದಲ ವಾರ ಪಟ್ಟಿ ಕಟ್ಟುವುದಿಲ್ಲ, ಎರಡನೇ ವಾರ ಹತ್ತು ಸೆಕೆಂಡ್, ಆಮೇಲೆ ಒಂದು ನಿಮಿಷ. ಆರನೇ ತಿಂಗಳಿಗೆ ಕುಕ್ಕೆ ಕೈಗೆತ್ತಿಕೊಂಡರೆ ಸಾಕು, ನಾಯಿ ತಾನೇ ಬಂದು ಮೂತಿ ಇಡುತ್ತದೆ.